ಹೆಸರಿನ ಮುಂದೊಂದು ಸೀರಿಯಲ್

ಪುಣೆಯ ಸದಾಶಿವ ಪೇಠದಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲು ಬಡಿಯಬಾರದು ಎಂಬುದು ಮಹಾರಾಷ್ಟ್ರವೆಲ್ಲ ಹೇಳಿಕೊಂಡು ನಗುವ ಮಾತು. ಅಂಥ ಹೊತ್ತಿನಲ್ಲೇ ಧಾರವಾಡದ ಹುಡುಗಿಯೊಬ್ಬಳು, ಖುನ್ಯಾ ಮುರಲೀಧರ ಗುಡಿಯಿಂದ ನಾಲ್ಕು ಹೆಜ್ಜೆ ದೂರದ ಹಳೇ ಕಟ್ಟಡದ ಎರಡನೇ ಮಹಡಿಯ ಬಾಗಿಲು ಬಡಿದಳು. ತೆರೆದವರು ಸೋದರಮಾವ. ಊರು ಬಿಟ್ಟು ಐವತ್ತು ವರ್ಷ ಆಗುತ್ತ ಬಂದರೂ ನಾಲಿಗೆ ಊರು ಬಿಟ್ಟಿಲ್ಲ. ಬೆಂಗಳೂರಿನ ಕಾಮಿಡಿ ಸೀರಿಯಲ್ಲೊಂದರಲ್ಲಿ ಹುಡುಗಿಗೆ ಪಾತ್ರ ಬಂದಿದೆ, ಮನೆಯಲ್ಲಿ ಒಪ್ಪಿಲ್ಲ. ಮಾವ ಹೂಂ ಅಂದರೆ ಅಪ್ಪನೂ ಹೂಂ ಅನ್ನುತ್ತಾನೆಂದು ರಾತ್ರಿ ಬಸ್ಸು ಹತ್ತಿದ್ದಾಳೆ.

ಮಾಮಾ: ಬಾರವಾ. ಊಟಾ ಮಾಡ್ಕೊಂಡೇ ಬಂದಿರಬೇಕಲ್ಲ?

ಸೊಸಿ: ಮಾಮಾ, ಇದು ಸದಾಶಿವ ಪೇಠದವರ ಮ್ಯಾಲಿನ ಜೋಕು. ಧಾರವಾಡಕ್ಕೂ ಬಂದು ಮುಟ್ಟೇದ.

ಮಾಮಾ: ಹಂಗಾದ್ರ ಕೂಡು. ನಿಮ್ಮ ಮಾಮಿ ಕಟ್ಟಿನ ಸಾರು ಮಾಡಿಟ್ಟು ಮಲಕೊಂಡಾಳ. ನಾಲ್ಕರ ತನಕಾ ಎಬ್ಬಿಸೋ ಹಂಗಿಲ್ಲ, ಅಷ್ಟು ಪುಣೆದಾಕಿ ಆಗ್ಯಾಳ. ಸಾವಕಾಶ ಮಾತಾಡು. ಏನದ ನಿನ್ನ ಸಮಸ್ಯಾ?

ಸೊಸಿ: ಅಪ್ಪಾ ಅಂತಾರ, ಕಾಮಿಡಿ ಸೀರಿಯಲ್ ಅಂದ್ರ ಅಚ್ಚು ಹೊಡದಂಗ. ಒಮ್ಮೆ ಮುಖದ ಮ್ಯಾಲೆ ಬಿತ್ತಂದ್ರ ಅಳಸೂದಿಲ್ಲ. ನಾಳೆ ನೀ ಸಾವಿತ್ರಿ ಪಾರ್ಟು ಮಾಡಿದ್ರೂ ಮಂದಿ ನಗತಾರ ಅಂತ. ನಂಗೂ ಅದ ಹೆದರಿಕಿ.

ಮಾಮಾ: ನಿಮ್ಮಪ್ಪ ಹೇಳೂದ್ರಾಗ ಅರ್ಧಾ ಖರೆ ಅದ. ಉಳದರ್ಧಾ ನಾ ಈ ಪೇಠದಾಗ ಕೂತು ನೋಡೇನಿ. ನಾ ಬಂದದ್ದು 1976ರಾಗ. ಇದ ಓಣ್ಯಾಗ ಒಂದು ವಾಡಾದಾಗ ಬಾಡಿಗಿ ಖೋಲಿ. ಆಗ ಪುಣೆದಾಗ ಟೀವಿ ಹೊಸಾದು. ಮುಂಬೈ ದೂರದರ್ಶನ 1972ರಾಗ ಶುರು ಆಗಿತ್ತು, ಸಿಂಹಗಡದ ಮ್ಯಾಲಿನ ಟವರಿನಿಂದ ನಮಗ ಬರ್ತಿತ್ತು. ತಾನಾಜಿ ಹತ್ತಿದ ಕ್ವಾಟಿ ಮ್ಯಾಲಿಂದ ಈಗ ಬಾತಮಿ, ಕೃಷಿ ಕಾರ್ಯಕ್ರಮ ಇಳೀತಿದ್ವು. ಇಡೀ ವಾಡಾಕ್ಕ ಒಂದ ಟೀವಿ, ಮಾಲಕರ ಮನ್ಯಾಗ. ಬಾಗಲಕ್ಕ ಪಾಟಿ ಹಚ್ಚಿದ್ರು.

ಸೊಸಿ: ಪುಣೇರಿ ಪಾಟಿ!

ಮಾಮಾ: ಹೂಂ. "ಟೀವಿ ನೋಡಲು ಬರುವವರು ಚಪ್ಪಲಿ ಸಾಲಾಗಿ ಬಿಡಬೇಕು. ನಡುವೆ ಏಳಬಾರದು. ನೀರು ಕೇಳಬಾರದು. ಕಾರ್ಯಕ್ರಮದ ಬಗೆಗಿನ ಅಭಿಪ್ರಾಯವನ್ನು ತಮ್ಮ ಮನೆಗೆ ಹೋಗಿ ಹೇಳಬೇಕು." ಆ ಮನ್ಯಾಗ ನಾ ಮೊದಲನೇ ಸಲ 'ಚಿಮಣರಾವ್ ಗುಂಡ್ಯಾಭಾವೂ' ನೋಡಿದೆ. 1977ರ ಸುಮಾರಿಗೆ.

ಸೊಸಿ: ಕಾಮಿಡಿ ಸೀರಿಯಲ್ಲಾ?

ಮಾಮಾ: ಆ ಶಬ್ದ ಆಗ ಹುಟ್ಟಿರಲಿಲ್ಲ. ಮರಾಠಿ ದೂರದರ್ಶನದಾಗ ಧಾರಾವಾಹಿ ಅಂಬೋದಕ್ಕ ಅಡಿಗಲ್ಲು ಇಟ್ಟದ್ದ ಅದು. ಕಥಿ ಬರದವರು ಚಿಂತಾಮಣಿ ವಿನಾಯಕ ಜೋಶಿ, ಚಿ. ವಿ. ಜೋಶಿ ಅಂತ ಕರೀತಾರ. ಪುಣೆದಾಗ ಹುಟ್ಟಿ ಬಡೋದಾದಾಗ ಪಾಲಿ ಭಾಷಾ ಕಲಿಸ್ತಿದ್ರು. ಬೌದ್ಧರ ಗ್ರಂಥ ಓದೋ ಪಂಡಿತರು ಮಂದೀನ್ನ ಹೊಟ್ಟಿ ಹಿಡಕೊಂಡು ನಗಸೋದು! ಚಿಮಣರಾವ್ ಅಂಜುಬುರುಕ, ಭೋಳೆ ಮನುಷ್ಯಾ. ಗುಂಡ್ಯಾಭಾವೂ ಅವನ ಬಂಧು, ದಾಂಡಿಗ, ದನಿ ದೊಡ್ಡದು. 1963ರಾಗ ಜೋಶಿಯವರು ತೀರಕೊಂಡ್ರು, ತಮ್ಮ ಚಿಮಣರಾವ್‌ನ್ನ ಪೆಟಿಗಿ ಒಳಗ ಅವರು ನೋಡಲಿಲ್ಲ. ಆ ಪಾತ್ರ ಮಾಡಿದವರು ದಿಲೀಪ ಪ್ರಭಾವಳಕರ.

ಸೊಸಿ: 'ಲಗೇ ರಹೋ ಮುನ್ನಾಭಾಯಿ' ಒಳಗಿನ ಗಾಂಧಿ?

ಮಾಮಾ: ನೋಡು, ನಿನ್ನ ಬಾಯಿಂದ ಗಾಂಧಿ ಅಂತ ಬಂತು. ನಿಮ್ಮ ಮಾಮಿನ್ನ ಕೇಳಿದ್ರ ಚಿಮಣರಾವ್ ಅಂತಾಳ. ನನ್ನ ಮಗನ್ನ ಕೇಳಿದ್ರ ತಾತ್ಯಾ ವಿಂಚೂ, 'ಝಪಾಟಲೇಲಾ' ಸಿನಿಮಾದ ಖಳನಾಯಕ. ಒಬ್ಬನ ಮುಖ, ಮನಿಗೆ ಮೂರು ಹೆಸರು. ನಿಮ್ಮಪ್ಪ ಹೇಳೋ ಅಚ್ಚು ಎಲ್ಲಿ ಹೋತು?

ಸೊಸಿ: ಎಲ್ಲಾರೂ ಪ್ರಭಾವಳಕರ ಆಗತಾರೇನ್ರಿ ಮಾಮಾ? ಜೋಡಿ ಇದ್ದ ಗುಂಡ್ಯಾಭಾವೂ ಯಾರು, ಏನಾದ್ರು?

ಮಾಮಾ: ಬಾಳ ಕರ್ವೆ. ಮುಂಬೈ ಮಹಾನಗರಪಾಲಿಕಾದಾಗ ಎಂಜಿನಿಯರ್ ನೌಕರಿ ಮಾಡಕೋತ ನಾಟಕದಾಗ ಇದ್ದವರು. ಹಿಂದ 2025ರ ಆಗಸ್ಟಿನಾಗ ತೀರಕೊಂಡ್ರು, 95 ವರ್ಷ. ಮರುದಿನ ಪೇಪರ್ ತಗದ್ರ ಶೀರ್ಷಿಕಿ ಒಳಗ ಅವರ ಹೆಸರಿಗಿಂತಾ ಮೊದಲ 'ಗುಂಡ್ಯಾಭಾವೂ' ಅಂತ ಇತ್ತು. ನಡುವ ಹತ್ತಿರ ಹತ್ತಿರ ಅರ್ಧಾ ಶತಮಾನ ಆಗಿತ್ತು.

ಸೊಸಿ: ಅದನ್ನ ನಾ ಹೇಳೂದು! ಒಂದ ಸೀರಿಯಲ್, ಒಂದ ಕ್ಯಾಮೆರಾ, ಇಬ್ಬರು ನಟರು. ಒಬ್ಬರು ದಾಟಿ ಹೋದ್ರು, ಒಬ್ಬರು ಅಲ್ಲೇ ಉಳದ್ರು.

ಮಾಮಾ: "ಉಳದ್ರು" ಅಂತ ಮರಗಬ್ಯಾಡ. 48 ವರ್ಷ ಮಂದಿ ನೆನಪಿನ್ಯಾಗ ಇರೋದು ಸಣ್ಣ ಮಾತಲ್ಲ. ಅದಿರಲಿ, ಪ್ರಭಾವಳಕರ ಹೆಂಗ ದಾಟಿದ್ರು ಅಂತ ಕೇಳು. ಚಿಮಣರಾವ್ ಬ್ಯಾಡ ಅಂತ ಮುಖಾ ತಿರುವಿ ಅಲ್ಲ. 1944ರಾಗ ಹುಟ್ಟಿದವರು, ಅಂದ್ರ ಚಿಮಣರಾವ್ ಮಾಡೋ ಮುಂದ ವಯಸ್ಸು 33. 1991ರಾಗ 'ಚೌಕಟ್ ರಾಜಾ' ಅಂತ ಸಿನಿಮಾ ಬಂತು. ಬುದ್ಧಿ ಪೂರಾ ಬೆಳೀದ ನಂದು ಅನ್ನಾಂವನ ಪಾತ್ರ. ನಗಸತಾನಂತ ಹೋದ ಮಂದಿ ಅಳಕೋತ ಬಂದ್ರು, ಆ ಮಂದಿಯೊಳಗ ನಾನೂ ಒಬ್ಬ. ಎರಡು ವರ್ಷಕ್ಕ ತಾತ್ಯಾ ವಿಂಚೂ ಆಗಿ ಅದ ಮಂದೀನ್ನ ಹೆದರಿಸಿದ್ರು. ನಾಟಕದಾಗ 'ಹಸವಾಫಸವೀ' ಅಂತ ತಾವ ಬರದ್ರು, ಒಂದ ಸಂಜೀಲೆ ಆರು ಪಾತ್ರ ತಾವೊಬ್ಬರ ಮಾಡೋದು. ಒಂದು ಮೀಸಿ ಕಿತ್ತು ಇನ್ನೊಂದು ಹಚ್ಚಕೊಳ್ಳೋದ್ರಾಗ ದನಿ, ಬೆನ್ನು, ನಡಿಗಿ ಎಲ್ಲಾ ಬದಲಾಗಬೇಕು.

ಸೊಸಿ: ತಾವ ಬರದ್ರು ಅಂದ್ರ್ಯಲ್ಲ...

ಮಾಮಾ: ಹಾಂ, ಅಲ್ಲೇ ಅದ ಬೀಗದ ಕೈ. ಕೈಯಾಗ ಪೆನ್ನಿತ್ತು. ಬ್ಯಾರೆಯವರು ಪಾತ್ರ ಕೊಡಲಿ ಅಂತ ಹಾದಿ ಕಾಯಲಿಲ್ಲ. ಪೇಪರಿನಾಗ 'ಅನುದಿನಿ' ಅಂತ ಅಂಕಣ ಬರೀತಿದ್ರು. ಒಂದು ಕುಟುಂಬ, ಮನ್ಯಾಗಿನ ಒಬ್ಬೊಬ್ಬರೂ ತಮ್ಮ ತಮ್ಮ ಡೈರಿ ಬರಿಯೋದು. ಅದ ಮುಂದ 'ಶ್ರೀಯುತ ಗಂಗಾಧರ ಟಿಪರೆ' ಆತು. 2001ರಾಗ ಆಲ್ಫಾ ಮರಾಠಿ ಚಾನೆಲ್ಲಿನ್ಯಾಗ ಶುರು ಆತು, ಈಗ ಅದಕ್ಕ ಝೀ ಮರಾಠಿ ಅಂತಾರ. ಕೇದಾರ ಶಿಂದೆ ನಿರ್ದೇಶನ. ಮಗ ರಾಜನ್ ಭಿಸೆ, ಸೊಸಿ ಶುಭಾಂಗಿ ಗೋಖಲೆ, ಎರಡು ಮೊಮ್ಮಕ್ಕಳು, ಮ್ಯಾಲೆ ಆಬಾ, ಅಂದ್ರ ಅಜ್ಜ. ಆ ಅಜ್ಜ ಪ್ರಭಾವಳಕರ. ಚಿಮಣರಾವ್ ಆಗಿ 24 ವರ್ಷಕ್ಕ ಮತ್ತ ಕಾಮಿಡಿಗೇ ಬಂದ್ರು, ತಮ್ಮ ಶರತ್ತಿನ ಮ್ಯಾಲೆ. ಜಗಳಿಲ್ಲ, ವಿಷಾ ಹಾಕೋ ಅತ್ತಿ ಇಲ್ಲ. ಫೋನ್ ಬಿಲ್ ಹೆಚ್ಚು ಬಂದದ ಅಂಬಂಥಾ ಮಾತಿನ ಮ್ಯಾಲೆ ಅರ್ಧಾ ತಾಸು ಕಥಿ. ಕಡೀಗೆ ಯಾರರೆ ಒಬ್ಬರು ಡೈರಿ ಬರೀತಿದ್ರು. ನಿಮ್ಮ ಮಾಮಿ ಆ ಹೊತ್ತಿಗೆ ಫೋನ್ ಎತ್ತತಿರಲಿಲ್ಲ.

ಸೊಸಿ: ನಮ್ಮಲ್ಲಿ ಹಿಂಗ ಆದವರು ಯಾರರೆ ಅದಾರೇನು? ನಮ್ಮ ಕಡೆ ಉಲ್ಟಾ ನೋಡ್ರಿ. 'ಸಿಹಿಕಹಿ' ಅಂತ ಬೆಂಗಳೂರು ದೂರದರ್ಶನದಾಗ ಎಂಬತ್ತರ ದಶಕದಾಗ ಒಂದು ಸೀರಿಯಲ್. ಚಂದ್ರಶೇಖರ ಅನ್ನವರು ಸಿಹಿಕಹಿ ಚಂದ್ರು ಆದ್ರು, ಗೀತಾ ಅನ್ನವರು ಸಿಹಿಕಹಿ ಗೀತಾ ಆದ್ರು. ಆಮ್ಯಾಲೆ ಇಬ್ಬರೂ ಲಗ್ನಾ ಆದ್ರು. ಸೀರಿಯಲ್ ಮುಗದು ಯಾವ ಕಾಲಾತು! ನಮ್ಮ ವಯಸ್ಸಿನವರು ಅದರ ಒಂದು ಎಪಿಸೋಡೂ ನೋಡಿಲ್ಲ, ಆದ್ರ ಹೆಸರು ನಡದದ.

ಮಾಮಾ: ಅದು ಕನ್ನಡದ ಪದ್ಧತಿನ ಅದ. 'ಮುಖ್ಯಮಂತ್ರಿ' ನಾಟಕ ಮಾಡಿ ಮುಖ್ಯಮಂತ್ರಿ ಚಂದ್ರು. ಅವರು ಖರೇನ ಶಾಸಕರಾಗಿ ವಿಧಾನಸೌಧಕ್ಕ ಹೋದ್ರು, ಆದ್ರ ಹೆಸರಿನ್ಯಾಗ ಮುಖ್ಯಮಂತ್ರಿ ಮೊದಲ ಆಗಿಬಿಟ್ಟಿದ್ರು! ನಮ್ಮಲ್ಲಿ ಹೆಸರು ಸಣ್ಣವು ಇರತಾವು, ಚಂದ್ರು, ಗೀತಾ, ರವಿ. ಊರಿಗೆ ಹತ್ತು ಮಂದಿ ಚಂದ್ರು. ಗುರುತಿಗೆ ಮುಂದ ಏನರೆ ಬೇಕು. ಮರಾಠ್ಯಾಗ ಹಂಗಲ್ಲ, ಅಡ್ಡಹೆಸರಿನ್ಯಾಗ ಒಂದು ಊರ ಇರತದ. ಮಂಗೇಶಿಯವರು ಮಂಗೇಶಕರ ಇದ್ದಂಗ. ಪ್ರಭಾವಳಕರ ಅಂಬೋ ಉದ್ದನ್ನ ಹೆಸರಿಗೆ ಚಿಮಣರಾವ್ ಅಂತ ಹಚ್ಚಲಿಕ್ಕೆ ಜಾಗಾನ ಇರಲಿಲ್ಲ ನೋಡು. ಇದು ನನ್ನ ಸಿದ್ಧಾಂತ, ಯಾರಿಗೂ ಹೇಳಬ್ಯಾಡ.

ಸೊಸಿ: ನಗಸಬ್ಯಾಡ್ರಿ. ಸಿಹಿಕಹಿ ಅಂಬೋ ಹೆಸರು ಚಂದ್ರು ಅವರಿಗೆ ಸಂಕಲಿ ಆತೋ ಇಲ್ಲೋ?

ಮಾಮಾ: ಸಂಕಲಿ ಅಲ್ಲ, ಅಂಗಡಿ ಬೋರ್ಡ್ ಆತು. ಚಂದ್ರು ಆ ಹೆಸರಿನ ಮ್ಯಾಲೆ ಏನೇನು ಕಟ್ಟಿದ್ರು ಅದನ್ನ ನೋಡಬೇಕು. ಈಟೀವಿ ಕನ್ನಡದಾಗ 'ಪಾಪ ಪಾಂಡು' ಮಾಡಿದ್ರು, ಸಾವಿರ ಎಪಿಸೋಡ್ ದಾಟಿ ಹೋತು. ಆಮ್ಯಾಲೆ 'ಬೊಂಬಾಟ್ ಭೋಜನ'ದಾಗ ಸೌಟು ಹಿಡದು ನಿಂತ್ರು. ಕಾಮಿಡಿ ನಟಗ ಅಡಿಗಿ ಮನಿ ತನಕಾ ಬಿಟ್ಟುಕೊಟ್ಟರ ಅದಕ್ಕಿಂತಾ ದೊಡ್ಡ ಪ್ರಶಸ್ತಿ ಇಲ್ಲ. ಗಂಭೀರ ನಟರನ್ನ ನಾವು ಹಾಲಿನ್ಯಾಗ ಕೂಡಸ್ತೀವಿ, ಅಷ್ಟ.

ಸೊಸಿ: ಪಾಪ ಪಾಂಡು ನೋಡೇನಿ, ಯೂಟ್ಯೂಬಿನ್ಯಾಗ. ಚಿದಾನಂದ ಅವರ ಪಾಂಡು, ಶಾಲಿನಿ ಅವರ ಶ್ರೀಮತಿ. ದಿನಾ ಪಾಂಡು ಒಂದು ತಪ್ಪು ಮಾಡತಾನ, ಶ್ರೀಮತಿ ಕಡೆ ಹೊಡತಾ ತಿಂತಾನ.

ಮಾಮಾ: ಮರುದಿನ ಏನರೆ ಕಲತಿರತಾನೇನು?

ಸೊಸಿ: ಇಲ್ಲ. ಮತ್ತ ಅದ ತಪ್ಪು.

ಮಾಮಾ: ಅದ ಈ ಕೆಲಸದಾಗಿನ ಕಷ್ಟ. ಅಳುಬುರುಕ ಸೀರಿಯಲ್ಲಿನ್ಯಾಗ ಮನುಷ್ಯಾ ಬದಲಾಗತಾನ. ಕೆಟ್ಟಾಂವ ಒಳ್ಳ್ಯಾಂವ ಆಗತಾನ, ಒಳ್ಳ್ಯಾಕಿ ವನವಾಸ ಪಡತಾಳ. ನಟಗ ಹತ್ತಲಿಕ್ಕೆ ಮೆಟ್ಟಿಲಿರತಾವು. ಕಾಮಿಡಿ ಒಳಗ ಮನುಷ್ಯಾ ಬದಲಾದ್ರ ಸೀರಿಯಲ್ ಮುಗೀತು. ಪಾಂಡು ಒಂದು ದಿನ ಶಾಣ್ಯಾ ಆದ್ರ ಮರುದಿನದ ಕಥಿ ಏನು? ಸಾವಿರ ದಿನ ಅದ ತಪ್ಪು, ಪ್ರತಿ ಸಲ ಮೊದಲನೇ ಸಲ ಮಾಡಿದಂಗ ಮಾಡಬೇಕು. ಇದನ್ನ ಹಗುರ ಕೆಲಸ ಅನ್ನವರು ಒಮ್ಮೆ ಮಾಡಿ ತೋರಸಲಿ. ಅದಿರಲಿ, ಅಲ್ಲೆ ನಿಂಗ ಮಾತು ಬಾಯಿಪಾಠ ಮಾಡಸ್ತಾರೋ, ಪ್ರಾಂಪ್ಟಿಂಗೋ?

ಸೊಸಿ: ಪ್ರಾಂಪ್ಟಿಂಗ್. ಆಡಿಷನ್ನಿಗೆ ಹೋದಾಗ ನೋಡಿದೆ. ಅಸಿಸ್ಟಂಟ್ ಒಬ್ಬರು ಕ್ಯಾಮೆರಾ ಮಗ್ಗಲಕ ಕೂತು ಒಂದೊಂದ ಸಾಲು ಒದರತಾರ, ನಟರು ಅದನ್ನ ಹೇಳತಾರ. ದಿನಕ್ಕ ಹತ್ತು ಹನ್ನೆರಡು ಸೀನ್ ಮುಗಸಬೇಕಂತ.

ಮಾಮಾ: ಅಯ್ಯ! ಕಾಮಿಡಿಗೆ ಅದು ವಿಷಾ. ಈ ಓಣಿಯಿಂದ ನಡಕೋತ ಹೋದ್ರ ಭರತ ನಾಟ್ಯ ಮಂದಿರ ಅದ. 1972ರ ಡಿಸೆಂಬರ್ 16ಕ್ಕ 'ಘಾಶೀರಾಮ ಕೋತವಾಲ' ಮೊದಲನೇ ಸಲ ಆಡಿದ್ದು ಅಲ್ಲೇ. 1963ರಾಗ ಶುರುವಾದ ಕಾಲೇಜು ಹುಡುಗರ ಪುರುಷೋತ್ತಮ ಕರಂಡಕ ಏಕಾಂಕ ಸ್ಪರ್ಧಾನೂ ಪ್ರತಿ ವರ್ಷ ಅಲ್ಲೇ ಆಗತದ. ಒಮ್ಮೆ ಹೋಗಿ ಕೂತು ನೋಡು. ನಗಿ ಬರೋ ಮಾತು ಹೇಳಿ ಹುಡುಗ ನಿಲ್ಲತಾನ, ಮಂದಿ ನಗತಾರ. ನಗಿ ಪೂರಾ ಇಳಿಯೂಕಿಂತಾ ಮೊದಲ, ತುಸು ಉಳದಾಗ, ಮುಂದಿನ ಮಾತು ಎತ್ತತಾನ. ಪೂರಾ ಇಳಿಯೋ ತನಕಾ ಕಾದ್ರ ಸತ್ತ, ಅವಸರ ಮಾಡಿದ್ರ ಮಾತು ನಗಿ ಒಳಗ ಮುಳಗತದ. ಸ್ಟುಡಿಯೋದಾಗ ನಗೋರಿಲ್ಲ, ನಕ್ಕರ ಕ್ಯಾಮೆರಾದಾಂವ ನಗಬೇಕು, ಅಂವ ನಕ್ಕರ ಟೇಕ್ ಹಾಳು. ಅಂದ್ರ ಮನ್ಯಾಗ ಕೂತು ನೋಡೋ ಮಂದಿ ಎಷ್ಟೊತ್ತು ನಗತಾರಂತ ನಟ ಮನಸಿನ್ಯಾಗ ಎಣಸಬೇಕು. ಅಂಥಾದ್ರಾಗ ಯಾರೋ ಕಿವ್ಯಾಗ ಒದರಿದ್ರ ಎಣಸೋದ್ಯಾವಾಗ? ಹಿಂದಿನ ರಾತ್ರೀನ ಸ್ಕ್ರಿಪ್ಟ್ ಕೊಡ್ರಿ ಅಂತ ಕೇಳು. ಸೆಟ್ಟಿಗೆ ಹೋಗಿ ಒದರಸಿಕೊಳ್ಳಬ್ಯಾಡ.

ಸೊಸಿ: ಕೇಳಿದ್ರ ಹೊಸ ಹುಡುಗಿಗೆ ಸೊಕ್ಕು ಅಂತಾರ.

ಮಾಮಾ: ಅನ್ನಲಿ. ಮತ್ತ ಆ ಅಚ್ಚಿನ ಮಾತಿಗೆ ಬರೋಣು, ಸತೀಶ ಶಾಹ ಗೊತ್ತೇನು? ನಮ್ಮ ಪುಣೆ ಫಿಲ್ಮ್ ಇನ್‌ಸ್ಟಿಟ್ಯೂಟಿನ್ಯಾಗ ಕಲತವರು. 1984ರ 'ಯೇ ಜೋ ಹೈ ಜಿಂದಗಿ' ಒಳಗ ಒಂದೊಂದು ಎಪಿಸೋಡಿಗೆ ಒಂದೊಂದು ಬ್ಯಾರೆ ಮನುಷ್ಯಾ ಆಗಿ ಬರ್ತಿದ್ರು. ಅಚ್ಚಿನ ಹೆದರಿಕಿಗೆ ಅದೂ ಒಂದು ಉಪಾಯ, ಅಚ್ಚು ಒಣಗೂದ್ರಾಗ ಮುಖಾ ಬದಲಾಯಿಸೋದು. ಆದ್ರ ಇಪ್ಪತ್ತು ವರ್ಷದ ಮ್ಯಾಲೆ 'ಸಾರಾಭಾಯಿ ವರ್ಸಸ್ ಸಾರಾಭಾಯಿ' ಬಂತು, ಅಲ್ಲೆ ಇಂದ್ರವದನ ಅಂಬೋ ಒಂದ ಪಾತ್ರ ಅವರಿಗೆ ಅಂಟಿಕೊಂಡುಬಿಡ್ತು. ಅವರು ತೀರಕೊಂಡಾಗ ಸುದ್ದಿ ಓದಿ ನಮ್ಮನ್ಯಾಗ "ಇಂದ್ರವದನ ಹೋದಾ" ಅಂತನ ಮಾತಾಡಿದ್ವಿ. ಯಾವ ಉಪಾಯಾನೂ ಪೂರಾ ನಡಿಯೂದಿಲ್ಲ.

ಸೊಸಿ: ನೀವು ಎಣಿಸಿದವರೆಲ್ಲಾ ಗಂಡಸರು. ಹೆಣಮಕ್ಕಳಿಗೆ ಕಾಮಿಡಿ ಒಳಗ ಏನು ಕೊಡತಾರ? ಲಟ್ಟಣಗಿ ಕೊಡತಾರ. ಶಾಲಿನಿ ಅವರು ಎಷ್ಟು ಛಲೋ ನಟಿ! 2018ರಾಗ ಪಾಪ ಪಾಂಡು ಮತ್ತ ಶುರುವಾದಾಗ ಅವರು ಮತ್ತ ಶ್ರೀಮತಿನ. ಪ್ರಭಾವಳಕರ ಅವರಿಗೆ ವಯಸ್ಸಾದ್ರ ಅಜ್ಜನ ಪಾತ್ರ, ಅದೂ ಸೀರಿಯಲ್ಲಿಗೆ ಅವನ ಹೆಸರ! ಹೆಣಮಗಳಿಗೆ ಹಂಗ ಯಾರು ಬರೀತಾರ?

(ಮಾವ ಇದಕ್ಕೆ ಕೂಡಲೇ ಉತ್ತರ ಕೊಡಲಿಲ್ಲ. ಎದ್ದು ಹೋಗಿ ಮಜ್ಜಿಗೆ ತಂದರು. ಸೋಲುವ ಹೊತ್ತಿನಲ್ಲಿ ಮಜ್ಜಿಗೆ ತರುವುದು ಧಾರವಾಡದ ಹಿರಿಯರ ಹಳೇ ಚಾಳಿ.)

ಮಾಮಾ: ಇದು ನೀ ಖರೆ ಹೇಳಿದಿ. ಲಟ್ಟಣಗಿಗೆ ನನ್ನ ಕಡೆ ಉತ್ತರಿಲ್ಲ. ಆದ್ರ 'ಸಿಲ್ಲಿ ಲಲ್ಲಿ' ಸೀರಿಯಲ್ ನೆನಸಕೊ. ಸಮಾಜಸೇವಕಿ ಲಲಿತಾಂಬ!

ಸೊಸಿ: ಮಂಜುಭಾಷಿಣಿ. ಹೌದಲ್ಲ, ಆಮ್ಯಾಲೆ ಅವರ 'ಪುಟ್ಟಕ್ಕನ ಮಕ್ಕಳು' ಒಳಗ ಬಂಗಾರಮ್ಮ ಆಗಿದ್ರು. ಬಡ್ಡಿ ವ್ಯವಹಾರದ ಖಡಕ್ ಹೆಂಗಸು. ಮೊದಲು ನೋಡಿದಾಗ ನಂಗ ಗುರುತ ಹತ್ತಲಿಲ್ಲ.

ಮಾಮಾ: ಗುರುತು ಹತ್ತಲಿಲ್ಲ ಅಂದ್ಯಲ್ಲ, ಅದ ನಟಿ ಗೆದ್ದ ಲೆಕ್ಕ. ಅದ ಸೀರಿಯಲ್ಲಿನ ಪುಟ್ಟಕ್ಕ ಯಾರು? ಉಮಾಶ್ರೀ. ಒಂದು ಕಾಲಕ್ಕ ಅವರು ಪರದೆ ಮ್ಯಾಲೆ ಬಂದ್ರ ಎರಡರ್ಥದ ಮಾತು ಬಂತು ಅಂತ ಮಂದಿ ಸಿಳ್ಳಿ ಹೊಡೀತಿದ್ರು. ಅವರ 'ಗುಲಾಬಿ ಟಾಕೀಸ್' ಮಾಡಿ ರಾಷ್ಟ್ರ ಪ್ರಶಸ್ತಿ ತಗೊಂಡ್ರು. ಪ್ರಭಾವಳಕರ ಅವರಿಗೂ ಗಾಂಧಿ ಪಾತ್ರಕ್ಕ, 'ಶೇವರೀ' ಅನ್ನೋ ಮರಾಠಿ ಸಿನಿಮಾಕ್ಕ ಕೂಡೇ ರಾಷ್ಟ್ರ ಪ್ರಶಸ್ತಿ ಬಂತು. ಇಬ್ಬರೂ ನಗಸೋ ಬಾಗಲದಿಂದ ಒಳಗ ಬಂದವರು. ನಿಂಗ ಏನು ಪಾತ್ರ ಕೊಟ್ಟಾರ, ಅದನ್ನ ಹೇಳ್ಲೇ ಇಲ್ಲಲ್ಲ?

ಸೊಸಿ: ಅದನ್ನ ಹೇಳಲಿಕ್ಕೆ ನಾಚಿಕಿ. ಬೆಂಗಳೂರಿನ ವಠಾರಕ್ಕ ಬಂದ ಉತ್ತರ ಕರ್ನಾಟಕದ ಸೊಸಿ. ಎಲ್ಲಾದಕ್ಕೂ ನಮ್ಮ ಭಾಷಾದಾಗ ಒದರತಾಳ, ಕೆಳಗಿನ ಮನಿಯವರಿಗೆ ತಿಳಿಯೂದಿಲ್ಲ, ಅದ ಜೋಕು. ಸೆಟ್ಟಿನ್ಯಾಗ ನಾ ಸಾದಾ ಮಾತಾಡಿದ್ರೂ ನಕ್ಕರು. "ಒಂದು ಕಪ್ ಚಹಾ ಕೊಡ್ರಿ" ಅಂದದ್ದಕ್ಕ ನಕ್ಕರು ಮಾಮಾ!

ಮಾಮಾ: ಹೂಂ. ಇದು ನಿಮ್ಮಪ್ಪನ ಹೆದರಿಕಿಗಿಂತಾ ದೊಡ್ಡದು. ಈ ಪುಣೆದಾಗ ನನ್ನ ಮರಾಠಿಗೂ ನಗತಿದ್ರು. "ನೀವು ಬೆಳಗಾವಿ ಕಡೆಯವರೇನು?" ಅಂತ ಬಾಯಿ ತಗದ ಕೂಡಲೆ ಕೇಳತಿದ್ರು. ಒಂದು ದಿನ ಪು. ಲ. ದೇಶಪಾಂಡೆ ಅವರ 'ರಾವಸಾಹೇಬ' ಓದಿದೆ, 'ಗಣಗೋತ' ಪುಸ್ತಕದಾಗ ಅದ. ಪು. ಲ. ಬೆಳಗಾವ್ಯಾಗ ಕಾಲೇಜಿನ್ಯಾಗ ಕಲಸತಿದ್ರು, ಅಲ್ಲಿಯ ಗೆಳೆಯನ ಮ್ಯಾಲೆ ಬರದದ್ದು. ರಾವಸಾಹೇಬರ ಮರಾಠಿ ತುಂಬಾ ಕನ್ನಡದ ಹದ, ಲಿಂಗಾ ಅದಲು ಬದಲು, ಬೈಗುಳಾ ಧಾರಾಳ. ಮೊದಲ ನಾಲ್ಕು ಪುಟ ಆ ಭಾಷಾಕ್ಕ ನಗತೀ. ಆಮ್ಯಾಲೆ ಭಾಷಾ ಕಾಣೂದ ಬಿಡತದ, ಆ ಮನುಷ್ಯಾ ಅಷ್ಟ ಕಾಣತಾನ. ಕಡೀಗೆ ನನ್ನ ಕಣ್ಣು ತೇವ ಆಗಿದ್ವು. ಅದನ್ನ ಓದಿದ ಪುಣೆದವರು ಆಮ್ಯಾಲೆ ನನ್ನ ಮಾತಿಗೆ ನಕ್ಕರೂ ನಂಗ ಸಿಟ್ಟು ಬರ್ತಿರಲಿಲ್ಲ.

ಸೊಸಿ: ಅಂದ್ರ?

ಮಾಮಾ: ಅಂದ್ರ ಸ್ಕ್ರಿಪ್ಟ್ ತಗದು ನೋಡು. ಆ ಸೊಸಿ ಮಾತನ್ನ ಬೆಂಗಳೂರು ಕನ್ನಡಕ್ಕ ತಿರುವಿ ಓದು. ತಿರುವಿದ ಮ್ಯಾಲೂ ನಗಿ ಬಂದ್ರ ಅಲ್ಲೊಬ್ಬಾಕಿ ಮನುಷ್ಯಾಳಿದ್ದಾಳ, ಪಾತ್ರ ಮಾಡು. ನಗಿ ಹೋಗಿಬಿಟ್ಟರ ಅಲ್ಲೆ ಯಾರೂ ಇಲ್ಲ, ಬರೇ ನಮ್ಮ ಭಾಷಾನ್ನ ಕುಣಸ್ಯಾರ. ಅಂಥಾದ್ದು ಬ್ಯಾಡ. ಅಚ್ಚು ಬೀಳತದಂತ ಅಲ್ಲ, ಅಚ್ಚಿನ್ಯಾಗ ಮುಖಾನ ಇರೂದಿಲ್ಲ ಅಂತ.

ಸೊಸಿ: ಎರಡು ಎಪಿಸೋಡ್ ಕಳಿಸ್ಯಾರ, ಫೋನಿನ್ಯಾಗ ಅವ. ಒಂದರಾಗ ಅಕಿ ತವರಮನಿಯಿಂದ ಬಂದ ಖಾರಬ್ಯಾಳಿ ಡಬ್ಬಿನ್ನ ವಠಾರದವರು ಕದ್ದು ತಿಂತಾರಂತ ಬೀಗಾ ಹಾಕತಾಳ. ಕಡೀಗೆ ಬೀಗದ ಕೈ ತಾನ ಕಳಕೋತಾಳ.

ಮಾಮಾ: ಇದು ಛಲೋ ಅದ! ಇದು ಮಂಡ್ಯದಾಕಿ ಮಾಡಿದ್ರೂ ನಗಿ ಬರತದ. ಇನ್ನೊಂದು?

ಸೊಸಿ: ಇನ್ನೊಂದ್ರಾಗ ಬರೇ ಒದರತಾಳ.

ಮಾಮಾ: ಹಂಗಾದ್ರ ಬರದವರ ಕೂಡ ಕೂತು ಆ ಎರಡನೇದು ತಿದ್ದಸು. ಇಲ್ಲಂದ್ರ ನೀನ ತಿದ್ದಿ ತಗೊಂಡು ಹೋಗು. ಪೆನ್ನಿನ ಮಾತು ಆಗ ಹೇಳಿದೆನಲ್ಲ. ಪ್ರಭಾವಳಕರ ಈಗೇನು ಮಾಡತಾರ ಗೊತ್ತೇನು? 2025ರ ಸಪ್ಟೆಂಬರಿನಾಗ 'ದಶಾವತಾರ' ಅಂತ ಮರಾಠಿ ಸಿನಿಮಾ ಬಂತು. ಕೊಂಕಣದ ದಶಾವತಾರಿ ಆಟದ ಮುದುಕ ಕಲಾವಿದನ ಕಥಿ, ಮುಖ್ಯ ಪಾತ್ರ ಅವರದ. ನಮ್ಮ ಕರಾವಳಿ ಕಡೆ ಯಕ್ಷಗಾನಕ್ಕೂ ಹಿಂದ ದಶಾವತಾರದಾಟ ಅಂತಿದ್ರಲ್ಲ, ಅದರ ಸೋದರ ಆಟ. ಬಣ್ಣಾ, ಕಿರೀಟ, ಕಾಡು, ಹೊಡದಾಟ ಎಲ್ಲಾ ಮಾಡ್ಯಾರ. ಆಗ ವಯಸ್ಸು 81. ನಾವು ಇಬ್ಬರೂ ಟಿಕೀಟ್ ತಗೊಂಡು ಹೋಗಿದ್ವಿ. ನಿಮ್ಮ ಮಾಮಿ ಹೊರಗ ಬಂದು "ನಮ್ಮ ಚಿಮಣರಾವ್ ಇನ್ನೂ ಗಟ್ಟಿ ಅದಾನ" ಅಂದ್ಲು.

ಸೊಸಿ: ನೋಡ್ರಿ! ಕಡೀಗೂ ಚಿಮಣರಾವ್ ಬಿಡಲಿಲ್ಲ.

ಮಾಮಾ: ಬಿಡಲಿಲ್ಲ. ಅದಕ್ಕ ಕೇಳತೀನಿ, ನಿನ್ನ ಸೀರಿಯಲ್ ಹೆಸರೇನು? ಕನ್ನಡ ಮಂದಿ ಅದನ್ನ ನಿನ್ನ ಹೆಸರಿನ ಮುಂದ ಹಚ್ಚತಾರ, ಮುದುಕಿ ಆಗೋ ತನಕಾ ಅದ ಹೆಸರಿನಿಂದ ಕರೀತಾರ. ಒಮ್ಮೆ ಕೂಡಿಸಿ ಅಂದು ನೋಡೋಣು.

ಸೊಸಿ: ಇನ್ನೂ ಹೆಸರ ಇಟ್ಟಿಲ್ಲ ಮಾಮಾ. ಮುಂದಿನ ವಾರ ಇಡತಾರಂತ.

ಮಾಮಾ: ಹಂಗಾದ್ರ ನಿಮ್ಮಪ್ಪಗ ಸಂಜಿಗೆ ಫೋನ್ ಮಾಡಿ ನಾ ಹೂಂ ಅಂತೀನಿ. ನೀ ಮಾತ್ರ ಹೆಸರಿಟ್ಟ ಮ್ಯಾಲೆ ಸಹಿ ಮಾಡು.